ಬುತ್ತಿಯಿಲ್ಲದ ಗಂಟು

ಕಲ್ಯಾಣ ಕರ್ನಾಟಕದ ಮನೆಯೊಂದರಿಂದ ಯಾರಾದರೂ ಆಸ್ಪತ್ರೆ ಸೇರಲು ಹೊರಟರೆಂದರೆ, ರೋಗಿಯ ಉಡುಪಿಗಿಂತಲೂ ವೈದ್ಯರ ಚೀಟಿಗಿಂತಲೂ ಮೊದಲು ಸಿದ್ಧವಾಗುವುದು ಬುತ್ತಿ. ಬಿಳಿಯ ಅರಿವೆಯಲ್ಲಿ ಸುತ್ತಿದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಗಟ್ಟಿ ಮೊಸರು, ಎಣ್ಣೆಗಾಯಿ, ಹಬ್ಬದ ದಿನಗಳು ಸಮೀಪದಲ್ಲಿದ್ದರೆ ನಾಲ್ಕು ಹೋಳಿಗೆ, ಇಷ್ಟನ್ನೂ ಗಂಟು ಕಟ್ಟಿ ‘ಅಲ್ಲೇನ್ ಸಿಗ್ತದೋ ಏನೋ’ ಎಂದು ನುಡಿಯುತ್ತ ಹಿರಿಯಳೊಬ್ಬಳು ಅದನ್ನು ವಾಹನದಲ್ಲಿ ತಾನೇ ಇರಿಸಿ ಬರುತ್ತಾಳೆ. ಜ್ವರಕ್ಕಾಗಲಿ, ಹೆರಿಗೆಗಾಗಲಿ, ಮೂಳೆಮುರಿತಕ್ಕಾಗಲಿ ಈ ಕ್ರಮದಲ್ಲಿ ದೋಷವೇನೂ ಇಲ್ಲ. ಅನೇಕ ಸಂದರ್ಭಗಳಲ್ಲಿ ಆಸ್ಪತ್ರೆಯ ಉಪಾಹಾರಗೃಹಕ್ಕಿಂತ ಆ ಗಂಟೇ ಮೇಲು. ಆದರೆ ಸ್ಥೂಲಕಾಯವನ್ನು ತಗ್ಗಿಸುವ ಸಲುವಾಗಿ ಜಠರದ ಮೇಲೆ ನಡೆಸುವ ಶಸ್ತ್ರಚಿಕಿತ್ಸೆ, ಅಂದರೆ ಜನರ ಬಾಯಲ್ಲಿ ‘ತೂಕ ಇಳಿಸುವ ಆಪರೇಷನ್’ ಎಂದೂ ವೈದ್ಯರ ಬಾಯಲ್ಲಿ ಬೇರಿಯಾಟ್ರಿಕ್ ಸರ್ಜರಿ ಎಂದೂ ಹೆಸರಾಗಿರುವ ಚಿಕಿತ್ಸೆಗೆ ಹೊರಡುವವರು ಈ ಪುರಾತನ ಕ್ರಮವನ್ನು ಸಂಪೂರ್ಣವಾಗಿ ತಿರುಗುಮುರುಗು ಮಾಡಬೇಕಾಗುತ್ತದೆ. ಅವರ ಗಂಟಿನಲ್ಲಿ ಬುತ್ತಿಗೆ ಸ್ಥಳವಿಲ್ಲ. ಏನನ್ನು ಒಯ್ಯಬೇಕೆಂಬುದಕ್ಕಿಂತ ಏನನ್ನು ಮನೆಯಲ್ಲಿಯೇ ಬಿಡಬೇಕೆಂಬುದೇ ಇಲ್ಲಿ ಹೆಚ್ಚಿನ ವಿವೇಚನೆಯನ್ನು ಬೇಡುತ್ತದೆಂದು ನನ್ನ ಅಭಿಪ್ರಾಯ.

ಕಲಬುರಗಿ ನಗರದಲ್ಲಿ ನಿಜಾಮರ ಕಾಲದ ಅತಿಥಿಗೃಹದಿಂದ ಹೆಸರು ಪಡೆದಿರುವ ಐವಾನ್-ಎ-ಶಾಹಿ ಪ್ರದೇಶದ ಹಿಂದಿನ ತಲೆಮಾರಿನವರಿಗೆ ದೊಡ್ಡ ಕಾಯಿಲೆಯೆಂದರೆ ದೂರದ ಪ್ರಯಾಣವೆಂದೇ ಅರ್ಥವಿತ್ತು. ರಾಜಧಾನಿಯಾಗಿದ್ದ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆ, ಇಲ್ಲವೆ ಸೊಲ್ಲಾಪುರ, ಇಲ್ಲವೆ ಮಿರಜಿನ ಮಿಷನ್ ಆಸ್ಪತ್ರೆ. 1963ರಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಮಹಾವಿದ್ಯಾಲಯವು ಆರಂಭವಾದ ಮೇಲೆ ಪರಿಸ್ಥಿತಿ ಬದಲಾಗತೊಡಗಿ, 2000ದಲ್ಲಿ ಖಾಜಾ ಬಂದಾನವಾಜ್ ಸಂಸ್ಥೆಯ ವೈದ್ಯಕೀಯ ಕಾಲೇಜೂ, 2013ರಲ್ಲಿ ಸರ್ಕಾರಿ ಜಿಮ್ಸ್ ಹಾಗೂ ಇ.ಎಸ್.ಐ. ವೈದ್ಯಕೀಯ ಕಾಲೇಜುಗಳೂ ಬಂದು, ಇಂದು ಕಮಲಾಪುರ, ಆಳಂದ, ಚಿಂಚೋಳಿ, ಸೇಡಂಗಳ ಜನ ಕಲಬುರಗಿಗೇ ಬಂದು ಗುಣಹೊಂದಿ ಹೋಗುತ್ತಾರೆ. ಹಾಗಿದ್ದರೂ ಈ ಒಂದು ಶಸ್ತ್ರಚಿಕಿತ್ಸೆಗೆ ಹೈದರಾಬಾದು, ಬೆಂಗಳೂರುಗಳ ಹಾದಿ ಹಿಡಿಯುವವರು ಈಗಲೂ ಉಂಟು. ಶಸ್ತ್ರಚಿಕಿತ್ಸಕನೊಬ್ಬನಿಂದ ಇದು ನೆರವೇರುವಂಥದಲ್ಲವಾಗಿ, ಅರಿವಳಿಕೆ ತಜ್ಞ, ಆಹಾರತಜ್ಞ, ಮಧುಮೇಹ ವೈದ್ಯ, ಮನೋವೈದ್ಯ ಇವರೆಲ್ಲ ಒಂದೆಡೆ ದೊರೆಯುವ ಸ್ಥಳವನ್ನು ಅರಸುವುದು ಸಹಜವೇ ಆಗಿದೆ.

ಯಾರಿಗೆ ಈ ಚಿಕಿತ್ಸೆ? ಕಿಲೋಗ್ರಾಂಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಬಿ.ಎಂ.ಐ. ಎಂಬ ಸಂಖ್ಯೆಯನ್ನು ವೈದ್ಯರು ಅಳತೆಗೋಲಾಗಿ ಇಟ್ಟುಕೊಂಡಿದ್ದಾರೆ. ಭಾರತೀಯರ ದೇಹದಲ್ಲಿ ಕಡಮೆ ತೂಕದಲ್ಲಿಯೇ ಮಧುಮೇಹಾದಿಗಳು ತಲೆದೋರುವುದರಿಂದ, ಪಾಶ್ಚಾತ್ಯರಿಗೆ ಬಹುಕಾಲ 40 ಎಂದಿದ್ದ ಮಿತಿಯನ್ನು ಏಷ್ಯಾದವರಿಗೆ 37.5 ಎಂದೂ, ಮಧುಮೇಹ, ಅಧಿಕ ರಕ್ತದೊತ್ತಡ, ನಿದ್ರೆಯಲ್ಲಿ ಉಸಿರುಕಟ್ಟುವಿಕೆ ಮುಂತಾದುವು ಜೊತೆಗೂಡಿದ್ದರೆ 32.5 ಎಂದೂ ಇಳಿಸಲಾಯಿತು. 2022ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಇನ್ನೂ ಸಡಿಲಿಸಿತು. ಐದೂಕಾಲು ಅಡಿಯ, ಅಂದರೆ 160 ಸೆಂಟಿಮೀಟರ್ ಎತ್ತರದ ಒಬ್ಬ ಗೃಹಿಣಿಯ ತೂಕ 96 ಕಿಲೋ ಇದ್ದರೆ ಆಕೆಯ ಸಂಖ್ಯೆ ಸರಿಯಾಗಿ 37.5. ಇಂಥವರು ನಮ್ಮ ನಡುವೆ ವಿರಳರೆಂದು ಭಾವಿಸುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಸ್ತ್ರೀಪುರುಷರಲ್ಲಿ ಸುಮಾರು ಶೇಕಡ 30ರಷ್ಟು ಮಂದಿಯ ಬಿ.ಎಂ.ಐ. 25 ಅಥವಾ ಅದಕ್ಕೂ ಮಿಗಿಲು. ಅವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲವೆಂಬುದು ನಿಜ. ಬೇಕಾದವರು ಅದನ್ನು ಸೋಮಾರಿತನದ ಪರಿಹಾರವೆಂದು ಅಪಹಾಸ್ಯ ಮಾಡುವ ನೆಂಟರಿಗೆ ಹೆದರಿ ಗುಟ್ಟಾಗಿ ಹೋಗಿಬರುತ್ತಾರೆಂಬುದೂ ಅಷ್ಟೇ ನಿಜ.

1966ರ ಸುಮಾರಿನಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಆಹಾರವನ್ನು ಜಠರದ ಬಳಸುದಾರಿಯಲ್ಲಿ ದಾಟಿಸುವ ವಿಧಾನವನ್ನು ರೂಢಿಗೆ ತಂದಾಗ ಉದರವನ್ನು ದೀರ್ಘವಾಗಿ ಸೀಳಬೇಕಿತ್ತು. 1994ರಿಂದೀಚೆಗೆ ಅದೇ ಕಾರ್ಯವು ನಾಲ್ಕೈದು ಸಣ್ಣ ರಂಧ್ರಗಳ ಮೂಲಕ, ಉದರದರ್ಶಕ ನಳಿಕೆಯ ಸಹಾಯದಿಂದ ಸಾಧ್ಯವಾಗಿ, ಹೆಚ್ಚು ಮಂದಿ ಎರಡು-ಮೂರು ದಿನಗಳಲ್ಲಿ ಮನೆಗೆ ಮರಳುವಂತಾಯಿತು. ಇಂದು ಬಹಳವಾಗಿ ನಡೆಯುವ ಸ್ಲೀವ್ ಎಂಬ ವಿಧದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತ ಹೆಚ್ಚನ್ನು ನೀಳವಾಗಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಕಮಲಾಪುರದ ಕೆಂಪು ಬಾಳೆಯ ಹಣ್ಣೊಂದರ ಆಕಾರದ, ನೂರು ನೂರೈವತ್ತು ಮಿಲಿಲೀಟರು ಹಿಡಿಯುವ ಒಂದು ಚೀಲ. ತೆಗೆದುಹಾಕಿದ ಭಾಗದಲ್ಲಿಯೇ ಹಸಿವನ್ನು ಪ್ರೇರಿಸುವ ಗ್ರೆಲಿನ್ ಎಂಬ ಹಾರ್ಮೋನು ಬಹುಪಾಲು ಉತ್ಪತ್ತಿಯಾಗುವುದರಿಂದ, ಆರಂಭದ ತಿಂಗಳುಗಳಲ್ಲಿ ಹಸಿವೂ ಕುಗ್ಗುತ್ತದೆ. ಈ ಎರಡು ಸಂಗತಿಗಳು ಮನಸ್ಸಿಗೆ ನಾಟಿದರೆ ಗಂಟು ಕಟ್ಟುವ ಕೆಲಸ ಸುಲಭವಾಗುತ್ತದೆ: ಹೋಗುವ ವ್ಯಕ್ತಿಗೆ ಅಲ್ಲಿ ಹಸಿವಿರುವುದಿಲ್ಲ, ಇದ್ದರೂ ತುಂಬಿಕೊಳ್ಳಲು ಸ್ಥಳವಿರುವುದಿಲ್ಲ.

ಮೊದಲಿಗೆ ಕಾಗದಪತ್ರಗಳು. ಆಧಾರ್, ಪಡಿತರ ಚೀಟಿ, ವಿಮೆಯ ಕಾರ್ಡು ಇವುಗಳನ್ನು ಯಾರೂ ಮರೆಯುವುದಿಲ್ಲ; ಮರೆಯುವುದು ಎಷ್ಟೋ ವರ್ಷಗಳ ಹಳೆಯ ಚೀಟಿಗಳನ್ನು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ನಿಗದಿಪಡಿಸಿದ ಒಕ್ಕಣೆಯಂತೆ, ವೈದ್ಯರ ಸಲಹೆಯ ಮೇರೆಗೆ ನಡೆಯುವ ಈ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಿಮೆ ಭರಿಸಬೇಕಾದರೆ ರೋಗಿಯ ವಯಸ್ಸು 18 ತುಂಬಿರಬೇಕು, ಬಿ.ಎಂ.ಐ. ಕನಿಷ್ಠ 40 ಇರಬೇಕು, ಇಲ್ಲವೆ ಕನಿಷ್ಠ 35 ಇದ್ದು ಹೃದ್ರೋಗ, ತೀವ್ರತರದ ನಿದ್ರಾಶ್ವಾಸರೋಧ ಅಥವಾ ಔಷಧಕ್ಕೆ ಬಗ್ಗದ ಮಧುಮೇಹದಂಥ ಕಾಯಿಲೆ ಇರಬೇಕು, ಮತ್ತು ತೂಕವಿಳಿಸುವ ಇತರ ಪ್ರಯತ್ನಗಳು ಫಲಿಸದೆ ಹೋಗಿರಬೇಕು. ವೈದ್ಯರ ಅಳತೆಗೋಲಿಗೂ ವಿಮೆಯ ಅಳತೆಗೋಲಿಗೂ ನಡುವೆ ಅಂತರವಿರುವುದನ್ನು ಓದುಗರು ಗಮನಿಸಿರಬಹುದು. 38ರ ಸಂಖ್ಯೆಯುಳ್ಳವನು ವೈದ್ಯರ ದೃಷ್ಟಿಯಲ್ಲಿ ಅರ್ಹನಾಗಿಯೂ ವಿಮೆಯ ದೃಷ್ಟಿಯಲ್ಲಿ ಅನರ್ಹನಾಗಿಯೂ ಇರುವುದು ಸಾಧ್ಯ. ಆದಕಾರಣ ಆಹಾರತಜ್ಞರ ಹಳೆಯ ಪಥ್ಯದ ಹಾಳೆ, ತೂಕ ದಾಖಲಾಗಿರುವ ಹಿಂದಿನ ಪರೀಕ್ಷೆಗಳು, ಮಧುಮೇಹಕ್ಕೆ ಎಷ್ಟು ವರ್ಷದಿಂದ ಯಾವ ಔಷಧ ನಡೆದಿದೆಯೆಂಬುದರ ದಾಖಲೆ, ಇವು ಹಣದಷ್ಟೇ ಬೆಲೆಯುಳ್ಳ ಕಾಗದಗಳು. ಒಪ್ಪಿಗೆಯ ಪತ್ರವನ್ನು ವಾರಗಳ ಮುಂಚೆಯೇ ಕೇಳಿಕೊಳ್ಳುವುದು ಲೇಸು. 2024ರ ಸುತ್ತೋಲೆಯ ಪ್ರಕಾರ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯೊಳಗೆ, ಬಿಡುಗಡೆಯ ಲೆಕ್ಕಕ್ಕೆ ಮೂರು ಗಂಟೆಯೊಳಗೆ ವಿಮಾ ಕಂಪನಿ ಉತ್ತರಿಸಬೇಕು. ಮಧ್ಯಾಹ್ನದ ರೈಲಿಗೆ ಟಿಕೇಟು ತೆಗೆಸಿಟ್ಟು ಬೆಳಗಿನಿಂದ ಕೌಂಟರಿನ ಮುಂದೆ ನಿಂತವರಿಗೆ ಈ ನಿಯಮ ತಿಳಿದಿರುವುದು ಪ್ರಯೋಜನಕರ.

ರಕ್ತ, ಥೈರಾಯ್ಡ್, ಯಕೃತ್ತು, ಮೂರು ತಿಂಗಳ ಸಕ್ಕರೆಯ ಸರಾಸರಿ, ಇ.ಸಿ.ಜಿ., ಹೃದಯದ ಎಕೋ, ಹೊಟ್ಟೆಯ ಸ್ಕ್ಯಾನಿಂಗ್, ಎಂಡೋಸ್ಕೋಪಿ, ಈ ವರದಿಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಒಂದೇ ಫೈಲಿನಲ್ಲಿ ಜೋಡಿಸಿ, ಜೊತೆಗಿರುವವರ ಮೊಬೈಲಿನಲ್ಲಿ ಅವುಗಳ ಚಿತ್ರವನ್ನೂ ತೆಗೆದಿಟ್ಟುಕೊಳ್ಳಬೇಕು. ಪ್ಲಾಸ್ಟಿಕ್ ಚೀಲವೊಂದರಲ್ಲಿ ತುರುಕಿ ತಂದ ಕಾಗದಗಳನ್ನು ಮೇಜಿನ ಮೇಲೆ ಸುರಿದು ಬೇಕಾದ ಹಾಳೆಯೊಂದನ್ನು ಹುಡುಕುವ ಸಂಬಂಧಿಕರನ್ನು ಕಂಡು ಕಿರಿಯ ವೈದ್ಯರ ಮುಖ ಬಾಡುವುದನ್ನು ಯಾವ ಆಸ್ಪತ್ರೆಯಲ್ಲಿಯೂ ನೋಡಬಹುದು.

ಔಷಧಗಳ ವಿಷಯದಲ್ಲಿ ಒಂದು ನಿಯಮ: ಬಿಡಿಗುಳಿಗೆಗಳನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ ಒಯ್ಯಬಾರದು, ಹೆಸರು ಓದಬಹುದಾದ ಪಟ್ಟಿಯೊಡನೆಯೇ ಒಯ್ಯಬೇಕು. ‘ಬಿಳಿ ಗುಳಿಗಿ ಮುಂಜಾನಿ, ಕೆಂಪು ಗುಳಿಗಿ ರಾತ್ರಿ’ ಎಂಬ ವಿವರಣೆಯಿಂದ ಅರಿವಳಿಕೆ ತಜ್ಞರಿಗೆ ಏನೂ ತಿಳಿಯದು. ರಕ್ತ ತೆಳುವಾಗಿಸುವ ಔಷಧ, ಗರ್ಭನಿರೋಧಕ ಗುಳಿಗೆ, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವ ಮಧುಮೇಹದ ಹೊಸ ಗುಳಿಗೆ ಇವುಗಳಲ್ಲಿ ಯಾವುದನ್ನು ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ವೈದ್ಯರೇ ಹೇಳಬೇಕು. ಈಚೆಗೆ ತೂಕವಿಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್‌ಗಳು ನಮ್ಮ ಮಾರುಕಟ್ಟೆಗೂ ಬಂದಿವೆ. ಅವು ಜಠರದಿಂದ ಆಹಾರ ಕೆಳಗಿಳಿಯುವುದನ್ನು ನಿಧಾನಗೊಳಿಸುವುದರಿಂದ, ಉಪವಾಸವಿದ್ದವನ ಹೊಟ್ಟೆಯಲ್ಲಿಯೂ ನಿನ್ನೆಯ ಊಟ ಉಳಿದಿರುವ ಸಂಭವವುಂಟು; ಮನೆಯವರಿಗೆ ತಿಳಿಯದಂತೆ ಅವನ್ನು ಬಳಸುತ್ತಿದ್ದವರು ಸಹ ಅರಿವಳಿಕೆ ತಜ್ಞರಿಗೆ ಮಾತ್ರ ಮರೆಮಾಚಬಾರದು. ಗುಟ್ಕಾ, ಬೀಡಿ, ತಂಬಾಕಿನ ಎಲೆಯಡಿಕೆ ಇವುಗಳನ್ನು ಹಲವು ವಾರಗಳ ಮುಂಚೆಯೇ ತ್ಯಜಿಸಿರಬೇಕಾದ್ದರಿಂದ ಚೀಲದ ಮೂಲೆಯಲ್ಲಿ ‘ಒಂದಿರಲಿ’ ಎಂದು ಅವಿತುಕೊಂಡಿರುವ ಪುಡಿಕೆಯನ್ನು ಹೆಂಡತಿಯೋ ಮಗಳೋ ಶೋಧಿಸಿ ತೆಗೆಯುವುದು ಧರ್ಮಸಮ್ಮತವೇ ಸರಿ.

ಮೈಮೇಲಿನ ವಸ್ತುಗಳ ವಿಚಾರವು ನಮ್ಮ ಸೀಮೆಯಲ್ಲಿ ಸೂಕ್ಷ್ಮವಾದುದು. ಶಸ್ತ್ರಕ್ರಿಯೆಯ ವೇಳೆ ರಕ್ತಸ್ರಾವ ತಡೆಯಲು ವಿದ್ಯುದುಪಕರಣವನ್ನು ಬಳಸುವುದರಿಂದ ಲೋಹದ ಆಭರಣಗಳು ಚರ್ಮವನ್ನು ಸುಡಬಹುದು. ದೇಹಕ್ಕೆ ದ್ರವವೇರಿಸಿದಾಗ ಬೆರಳುಗಳು ಊದಿ ಉಂಗುರ ಬಿಗಿಯಬಹುದು. ತಾಳಿ, ಕಾಲುಂಗುರ, ಮೂಗುತಿ, ಬಳೆ ಎಲ್ಲವನ್ನೂ ಮನೆಯಲ್ಲಿಯೇ ತೆಗೆದಿಟ್ಟು ಬರುವುದು ಉತ್ತಮ. ಹತ್ತಾರು ವರ್ಷಗಳಿಂದ ಕಳಚದ ಕಾಲುಂಗುರವನ್ನು ಶಸ್ತ್ರಾಗಾರದ ಬಾಗಿಲಲ್ಲಿ ಸಾಬೂನು ಹಚ್ಚಿ ಎಳೆಯುವುದಕ್ಕಿಂತ, ವಾರದ ಮುಂಚೆ ಅಕ್ಕಸಾಲಿಗರ ಅಂಗಡಿಯಲ್ಲಿ ನಿಧಾನವಾಗಿ ಬಿಡಿಸಿಕೊಳ್ಳುವುದು ಮರ್ಯಾದೆ. ಗಂಡಸರ ಸೊಂಟದ ಉಡದಾರವಂತೂ ಉದರದ ಶಸ್ತ್ರಕ್ರಿಯೆಗೆ ನೇರ ಅಡ್ಡಿ. ಕಪ್ಪು ದಾರದ್ದಾದರೆ ಕತ್ತರಿಸುವುದಕ್ಕೆ ಕ್ಷಣ ಸಾಕು. ಆದರೆ ‘ಉಡದಾರ ಹರೀಬಾರದು’ ಎಂಬ ಭಾವನೆ ಬಲವಾಗಿರುವ ಮನೆಗಳಲ್ಲಿ ಆ ಕ್ಷಣವೇ ದೊಡ್ಡ ಕೋಲಾಹಲಕ್ಕೆ ಕಾರಣವಾಗುವುದುಂಟು. ಹೊರಡುವ ಮುನ್ನ ಮನೆಯ ಹಿರಿಯರ ಕೈಯಿಂದಲೇ ತೆಗೆಸಿ, ಮರಳಿದ ಮೇಲೆ ಹೊಸದನ್ನು ಕಟ್ಟಿಸಿಕೊಳ್ಳುವೆನೆಂದು ಹೇಳಿ ಬಂದರೆ ಯಾರಿಗೂ ನೋವಿಲ್ಲ. ಶರಣರ ನಾಡಿನಲ್ಲಿ ಇಷ್ಟಲಿಂಗಧಾರಿಗಳಾದವರು ಕರಡಿಗೆಯ ವಿಷಯವನ್ನು ಹಾಗೆಯೇ ಮುಂಚಿತವಾಗಿ ದಾದಿಯರೊಡನೆ ಮಾತನಾಡಿ, ಶಸ್ತ್ರಾಗಾರಕ್ಕೆ ಒಯ್ಯುವ ಗಳಿಗೆಯಲ್ಲಿ ಅದನ್ನು ಯಾರ ಕೈಗೆ ಒಪ್ಪಿಸುವುದು, ವಾರ್ಡಿಗೆ ಮರಳಿದೊಡನೆ ಯಾರು ಧರಿಸಿಕೊಡುವುದು ಎಂದು ಗೊತ್ತುಮಾಡಿಕೊಂಡಿರಬೇಕು. ತೋಳಿನ ತಾಯತಕ್ಕೂ ತಾವೀಜಿಗೂ ಇದೇ ಮಾತು. ಕನ್ನಡಕ, ಕಿವಿಯ ಯಂತ್ರ, ಕಟ್ಟಿಸಿದ ಹಲ್ಲು ಇವುಗಳಿಗೆ ಹೆಸರು ಬರೆದ ಪುಟ್ಟ ಡಬ್ಬಿಗಳಿರಲಿ. ಉಗುರಿನ ಬಣ್ಣವನ್ನು ಅಳಿಸಿರಲಿ. ಬೆರಳ ತುದಿಯಲ್ಲಿ ಆಮ್ಲಜನಕವನ್ನು ಅಳೆಯುವ ಉಪಕರಣವು ಅದರಿಂದ ದಾರಿತಪ್ಪಬಹುದು.

ಉಡುಪು ಬಹಳ ಬೇಡ. ಆಸ್ಪತ್ರೆಯ ಅಂಗಿ ಸ್ಥೂಲಕಾಯರಿಗೆ ಬಹುಶಃ ಸಾಲದೆಂಬುದೇ ಇಲ್ಲಿಯ ಕಷ್ಟ, ಮತ್ತು ಅದು ಬರಿಯ ಬಟ್ಟೆಯ ಕಷ್ಟವಲ್ಲ, ಮಾನದ ಕಷ್ಟ. ಮುಂದೆ ಗುಂಡಿಯಿರುವ ಸಡಿಲವಾದ ಹತ್ತಿಯ ನೈಟಿ, ಗಂಡಸರಿಗೆ ಲುಂಗಿ ಮತ್ತು ಗುಂಡಿಯ ಅಂಗಿ, ಬಾಗದೆಯೇ ಮೆಟ್ಟಿಕೊಳ್ಳಬಹುದಾದ, ಜಾರದ ಚಪ್ಪಲಿ, ಇಷ್ಟು ಸಾಕು. ಹೊಟ್ಟೆಯ ಮೇಲೆ ಲಾಡಿ ಬಿಗಿಯುವ ಯಾವುದೂ ಬೇಡ. ಕಾಲಿನ ರಕ್ತ ಹೆಪ್ಪುಗಟ್ಟದಂತೆ ತೊಡಿಸುವ ಬಿಗಿ ಕಾಲುಚೀಲಗಳು ದೊಡ್ಡ ಅಳತೆಯವು ತಕ್ಷಣಕ್ಕೆ ದೊರೆಯದೆ ಹೋಗಬಹುದಾದ್ದರಿಂದ, ಮೀನಖಂಡ ಮತ್ತು ತೊಡೆಯ ಸುತ್ತಳತೆ ಕೊಟ್ಟು ಮೊದಲೇ ತರಿಸಿಕೊಳ್ಳಬೇಕು. ರಕ್ತದೊತ್ತಡ ಅಳೆಯುವ ಪಟ್ಟಿಯೂ ದಪ್ಪ ತೋಳಿಗೆ ತಕ್ಕ ಅಗಲದ್ದಾಗಿರಬೇಕು. ಚಿಕ್ಕ ಪಟ್ಟಿಯಿಂದ ಅಳೆದರೆ ಇಲ್ಲದ ಒತ್ತಡ ಇದೆಯೆಂದು ತೋರುತ್ತದೆ. ಅಗಲದ ಪಟ್ಟಿಯನ್ನು ಕೇಳಲು ರೋಗಿ ಸಂಕೋಚಪಡಬೇಕಾಗಿಲ್ಲ. ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆಗಾಗಿ ಸಿ-ಪ್ಯಾಪ್ ಯಂತ್ರವನ್ನು ಉಪಯೋಗಿಸುವವರು ಅದನ್ನೂ, ಅದರ ಮುಖವಾಡವನ್ನೂ ಒಯ್ಯಲೇಬೇಕು. ನಾನು ಕಟ್ಟುವ ಪಟ್ಟಿಯಲ್ಲಿ ಕಾಗದಪತ್ರಗಳ ಅನಂತರದ ಸ್ಥಾನ ಅದಕ್ಕೇ.

ಮೂರು ಚೆಂಡುಗಳುಳ್ಳ ಒಂದು ಪಾರದರ್ಶಕ ಪ್ಲಾಸ್ಟಿಕ್ ಉಪಕರಣವನ್ನು ಔಷಧದ ಅಂಗಡಿಯಲ್ಲಿ ಕೊಳ್ಳಲು ಹೇಳುತ್ತಾರೆ. ಅದನ್ನು ಕಂಡೊಡನೆ ಎಲ್ಲರೂ ಮಾಡುವುದು ಒಂದೇ, ನಳಿಕೆಯನ್ನು ಬಾಯಿಗಿಟ್ಟು ಬಲವಾಗಿ ಊದುವುದು. ಊದಿದರೆ ಚೆಂಡು ಅಲುಗುವುದಿಲ್ಲ. ತುಟಿಗಳನ್ನು ಬಿಗಿದು, ಗಾಳಿಯನ್ನು ನಿಧಾನವಾಗಿ ಒಳಕ್ಕೆಳೆದುಕೊಂಡಾಗ ಮೊದಲನೆಯ ಚೆಂಡು ಮೇಲೇಳುತ್ತದೆ, ಉಸಿರು ಬಲವಾದಂತೆ ಎರಡನೆಯದು, ಬಳಿಕ ಮೂರನೆಯದು. ದೇಹದ ಭಾರದಿಂದ ಮೊದಲೇ ಒತ್ತಿಹೋಗಿರುವ ಪುಪ್ಪುಸಗಳ ತಳಭಾಗವು ಅರಿವಳಿಕೆಯಿಂದ ಮತ್ತಷ್ಟು ಮುಚ್ಚಿಕೊಂಡು ನ್ಯೂಮೋನಿಯಾಕ್ಕೆ ಎಡೆಯಾಗದಂತೆ ಈ ವ್ಯಾಯಾಮ. ನೋವಿನ ನಡುವೆ ಹೊಸದಾಗಿ ಕಲಿಯುವುದಕ್ಕಿಂತ, ಹೊರಡುವ ವಾರದ ಮುಂಚಿನಿಂದಲೇ ಮನೆಯ ಕಟ್ಟೆಯ ಮೇಲೆ ಕುಳಿತು ಅಭ್ಯಾಸ ಮಾಡಿದರೆ ಮೊಮ್ಮಕ್ಕಳಿಗೂ ಒಂದು ವಿನೋದ.

ಇನ್ನು ಆಹಾರ, ಅಥವಾ ಅದರ ಅಭಾವ. ಶಸ್ತ್ರಕ್ರಿಯೆಗೆ ಎರಡು ವಾರಗಳ ಮುಂಚಿನಿಂದಲೇ ಅನೇಕ ವೈದ್ಯರು ಕಡಮೆ ಕ್ಯಾಲರಿಯ ಪಥ್ಯವನ್ನು ವಿಧಿಸುತ್ತಾರೆ. ಕೊಬ್ಬಿನಿಂದ ಉಬ್ಬಿದ ಯಕೃತ್ತಿನ ಎಡಭಾಗವು ಜಠರದ ಮೇಲೆ ಹೊದಿಕೆಯಂತೆ ಬಿದ್ದಿರುವುದರಿಂದ, ಅದು ಕುಗ್ಗದಿದ್ದರೆ ಶಸ್ತ್ರಚಿಕಿತ್ಸಕನಿಗೆ ಕೆಲಸದ ಸ್ಥಳವೇ ಕಾಣದು. ‘ಇನ್ಮುಂದ ತಿನ್ನಾಕ ಸಿಗಂಗಿಲ್ಲ, ಈಗರೆ ತಿನ್ನು’ ಎಂದು ಮಾಲ್ಪುರಿಯ ತಟ್ಟೆಯನ್ನು ಮುಂದಿಡುವ ಪ್ರೀತಿಯು ಈ ಕಾರಣದಿಂದ ಅಪಾಯಕರ. ಶರಣಬಸವೇಶ್ವರರ ಜಾತ್ರೆಯ ಆಸುಪಾಸಿನಲ್ಲಿ ದಿನ ಗೊತ್ತುಮಾಡಿಕೊಂಡವರು ಮನಸ್ಸಿನ ದಾರ್ಢ್ಯವನ್ನು ಎರಡು ಪಟ್ಟು ಪರೀಕ್ಷೆಗೆ ಒಡ್ಡಿಕೊಳ್ಳುತ್ತಾರೆಂದೇ ಹೇಳಬೇಕು.

ಶಸ್ತ್ರಕ್ರಿಯೆಯಾದ ಮೇಲೆ ದೊರೆಯುವುದು ಗುಟುಕು ಮಾತ್ರ. ಮೂವತ್ತು ಮಿಲಿಲೀಟರಿನ ಗುರುತುಳ್ಳ, ಔಷಧದ ಬಾಟಲಿಯೊಡನೆ ಬರುವಂಥ ಚಿಕ್ಕ ಪ್ಲಾಸ್ಟಿಕ್ ಲೋಟವೊಂದನ್ನು ತೆಗೆದುಕೊಳ್ಳಿ. ನಮ್ಮ ಹೋಟೆಲುಗಳ ಅರ್ಧ ಚಹಾದ ಗಾಜಿನ ಲೋಟಕ್ಕಿಂತಲೂ ಅದು ಕಿರಿದು. ಅದರಷ್ಟು ನೀರನ್ನು ಕಾಲು ಗಂಟೆಯ ಉದ್ದಕ್ಕೂ ಸ್ವಲ್ಪಸ್ವಲ್ಪವಾಗಿ ಹೀರುವುದು, ಮತ್ತೆ ತುಂಬುವುದು, ಮತ್ತೆ ಹೀರುವುದು, ಇದೇ ಅಂದಿನ ಉದ್ಯೋಗ. ಎಚ್ಚರವಿದ್ದಷ್ಟು ಹೊತ್ತೂ ಹೀಗೆ ಮಾಡಿದಾಗ ಮಾತ್ರ ದಿನಕ್ಕೆ ಬೇಕಾದ ಒಂದೂವರೆ ಲೀಟರಿನ ಸಮೀಪಕ್ಕೆ ಬರಬಹುದು. ಒಮ್ಮೆಲೇ ಗಟಗಟನೆ ಕುಡಿದರೆ ಎದೆ ಹಿಂಡಿದಂತಾಗಿ ವಾಂತಿಯಾಗುತ್ತದೆ. ಆದ್ದರಿಂದ ಚೀಲದಲ್ಲಿ ಈ ಅಳತೆಯ ಲೋಟ ಎರಡಿರಲಿ, ಬಾಯಗಲವಾದ ದೊಡ್ಡ ಚೊಂಬು ಮನೆಯಲ್ಲಿರಲಿ, ಸೋಡಾದ ಬಾಟಲಿ ಅಂಗಡಿಯಲ್ಲಿರಲಿ. ತುಟಿ ಒಣಗದಂತೆ ಹಚ್ಚಲು ಒಂದಿಷ್ಟು ವ್ಯಾಸಲಿನ್ನೂ, ಕಾಲು ಗಂಟೆಗೊಮ್ಮೆ ಗಂಟೆ ಬಾರಿಸುವ ಮೊಬೈಲೂ ಜೊತೆಗಿದ್ದರೆ ಅನುಕೂಲ.

ಮನೆಯ ಅಡುಗೆಯನ್ನು ಕೊಡಲೇಬೇಕೆಂಬ ಹಟವುಳ್ಳವರಿಗೆ ನಮ್ಮ ಸೀಮೆಯಲ್ಲಿಯೇ ಒಂದು ಸಮಾಧಾನವಿದೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆಯನ್ನು ಚೆನ್ನಾಗಿ ಬೇಯಿಸಿ, ಒಗ್ಗರಣೆ ಖಾರಗಳಿಲ್ಲದೆ, ತೆಳುಬಟ್ಟೆಯಲ್ಲಿ ಸೋಸಿದ ಕಟ್ಟು. ಬೆಣ್ಣೆ ತೆಗೆದು ನೀರಾಗಿಸಿ ಸೋಸಿದ ಮಜ್ಜಿಗೆ. ಕೆಲವು ದಿನಗಳ ಬಳಿಕ ವೈದ್ಯರು ಒಪ್ಪಿದರೆ ಜೋಳದ ತಿಳಿ ಅಂಬಲಿ. ಮೊದಲ ಎರಡು ವಾರ ದ್ರವ, ಅನಂತರದ ಎರಡು ವಾರ ನುಣ್ಣಗೆ ಅರೆದದ್ದು, ಆಮೇಲೆ ಮೆತ್ತಗಿನದು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ರೊಟ್ಟಿಯು ಬರುವುದು ತಿಂಗಳುಗಳ ಮೇಲೆ, ಅದೂ ಬಿಸಿಯಾದ ಮೆತ್ತನೆಯ ರೊಟ್ಟಿಯ ಕಾಲುಭಾಗ. ಖಡಕ್ ರೊಟ್ಟಿ ಇನ್ನೂ ತಡವಾಗಿ. ದಿನಕ್ಕೆ 60 ಗ್ರಾಂಗಿಂತ ಕಡಮೆಯಿಲ್ಲದಂತೆ ಪ್ರೋಟೀನು ಸೇರಬೇಕಾಗಿರುವುದರಿಂದ ಆಹಾರತಜ್ಞರು ಸೂಚಿಸಿದ ಪುಡಿಯನ್ನು ಮುಂಚಿತವಾಗಿ ಚಿಕ್ಕ ಪೊಟ್ಟಣದಲ್ಲಿ ತಂದು ರುಚಿ ನೋಡಿರಬೇಕು. ದೊಡ್ಡ ಡಬ್ಬಿಯನ್ನು ಮೊದಲೇ ಕೊಂಡವರಲ್ಲಿ ಅನೇಕರಿಗೆ ಶಸ್ತ್ರಕ್ರಿಯೆಯ ಬಳಿಕ ಅದರ ವಾಸನೆಯೇ ಸೇರುವುದಿಲ್ಲ.

ಹಾಗಾದರೆ ಬುತ್ತಿ? ಅದು ಜೊತೆಗಿರುವವರ ಬೇರೊಂದು ಚೀಲಕ್ಕೆ ಸೇರಬೇಕು. ದಾದಿ ಬಂದು ‘ಪೇಶಂಟ್ ಜೊತಿ ಯಾರದೀರಿ?’ ಎಂದು ಕೂಗಿದಾಗ ಎದ್ದು ನಿಲ್ಲುವ ಆ ಒಬ್ಬ ವ್ಯಕ್ತಿ ಹಸಿದಿರಬಾರದು, ನಿದ್ದೆಗೆಟ್ಟಿರಬಾರದು. ಚಾದರ, ದುಪ್ಪಟಿ, ಗಾಳಿದಿಂಬು, ಉದ್ದ ತಂತಿಯ ಚಾರ್ಜರು, ಚಿಲ್ಲರೆ ಹಣ, ರೊಟ್ಟಿ-ಹಿಂಡಿ ಎಲ್ಲವೂ ಅವರಿಗೆ ಸಲ್ಲತಕ್ಕವು. ಆದರೆ ಊಟವನ್ನು ಕೋಣೆಯ ಹೊರಗೆ ಮಾಡುವುದು ಸೌಜನ್ಯ. ಎಣ್ಣೆಗಾಯಿಯ ಪರಿಮಳವು ಹಸಿವಿಲ್ಲದವನನ್ನೂ ವಿಚಲಿತಗೊಳಿಸಬಲ್ಲದು, ಅರಿವಳಿಕೆಯ ಓಕರಿಕೆಯಲ್ಲಿರುವವನನ್ನು ಬೇರೊಂದು ರೀತಿಯಲ್ಲಿ.

ನೋಡಲು ಬರುವ ನೆಂಟರದು ಇನ್ನೊಂದು ಅಧ್ಯಾಯ. ಬೀದರದ ರೈಲಿಗೆ ಕಮಲಾಪುರದಲ್ಲಿ ಹತ್ತಿ ಬರುವ ಅತ್ತೆಯವರು ಕೆಂಪು ಬಾಳೆಯ ಚಿಪ್ಪೊಂದನ್ನು ತಾರದೆ ಬರುವರೆಂದು ನಿರೀಕ್ಷಿಸುವುದೇ ಅನ್ಯಾಯ. ಎಳನೀರು, ಬ್ರೆಡ್ಡು, ಹಾರ್ಲಿಕ್ಸು ತರುವವರೂ ಇರುತ್ತಾರೆ. ‘ಹೊಟ್ಟಿಗಿ ಏನೂ ಇಲ್ದ ಕೂಸು ಹ್ಯಾಂಗ ಏಳ್ತದವ್ವಾ, ಒಂದೀಟು ಗಂಜಿರೆ ಕುಡಸ್ರಿ’ ಎಂದು ಕಣ್ಣೀರಿಡುವ ಅವರೊಡನೆ ವೈದ್ಯಶಾಸ್ತ್ರ ವಾದಿಸಿ ಗೆಲ್ಲಲಾರದು. ಆದರೆ ಹೊಸದಾಗಿ ಕ್ಲಿಪ್ಪು ಹಾಕಿ ಮುಚ್ಚಿದ ಜಠರಕ್ಕೆ ಹಣ್ಣಿನ ತುಂಡೊಂದು ಇಳಿದರೆ, ಹೊಲಿಗೆಯ ರೇಖೆಯ ಮೇಲೆ ಒತ್ತಡ ಬಿದ್ದು ಸೋರಿಕೆಯಾಗುವಷ್ಟರ ಮಟ್ಟಿನ ಅನಾಹುತಕ್ಕೆ ದಾರಿಯಾದೀತು. ಬಳಸುದಾರಿಯ ಶಸ್ತ್ರಕ್ರಿಯೆಯಾದವರಿಗೆ ಸಿಹಿಪಾನೀಯವು ನೇರವಾಗಿ ಕರುಳಿಗಿಳಿದು ಎದೆಬಡಿತ, ಬೆವರು, ತಲೆಸುತ್ತು ಬರಿಸುತ್ತದೆ. ಮನೆಯಲ್ಲಿ ಯಾರ ಮಾತಿಗೆ ಎದುರಾಡುವವರಿಲ್ಲವೋ ಅಂಥ ಹಿರಿಯರೊಬ್ಬರನ್ನು ಮೊದಲೇ ವೈದ್ಯರ ಬಳಿಗೆ ಕರೆದೊಯ್ದು ವಿಷಯವನ್ನೆಲ್ಲ ಕೇಳಿಸಿ, ಸಂದರ್ಶನದ ವೇಳೆಯಲ್ಲಿ ಅವರನ್ನೇ ಬಾಗಿಲಲ್ಲಿ ಕೂರಿಸುವುದು ನಾನು ಬಲ್ಲ ಉಪಾಯಗಳಲ್ಲಿ ಶ್ರೇಷ್ಠವಾದುದು.

ಶಸ್ತ್ರಕ್ರಿಯೆಯಾದ ಸಂಜೆಯೇ ಎಬ್ಬಿಸಿ ನಡೆಸುತ್ತಾರೆ. ಹೊಟ್ಟೆಯನ್ನು ಉಬ್ಬಿಸಲು ತುಂಬಿದ್ದ ಇಂಗಾಲದ ಡೈಆಕ್ಸೈಡ್ ಅನಿಲದ ಶೇಷವು ವಪೆಯನ್ನು ಕೆರಳಿಸುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಂಡು ಹೃದಯಾಘಾತವೆಂಬ ಭಯ ಹುಟ್ಟಿಸುವುದುಂಟು. ನಡೆದಾಡಿದಷ್ಟೂ ಅದು ಇಳಿಯುತ್ತದೆ. ಕೆಮ್ಮುವಾಗಲೂ ಹಾಸಿಗೆಯಿಂದ ಏಳುವಾಗಲೂ ಹೊಟ್ಟೆಗೆ ಅವುಚಿಕೊಳ್ಳಲು ಒಂದು ಚಿಕ್ಕ ತಲೆದಿಂಬು ಬೇಕು, ಮರಳುವ ದಾರಿಯಲ್ಲಿಯೂ ಅದು ಬೇಕು. ಹೈದರಾಬಾದಿನಿಂದ ಸುಮಾರು 220 ಕಿಲೋಮೀಟರು, ಬೆಂಗಳೂರಿನಿಂದ ಅದರ ಎರಡೂವರೆ ಪಟ್ಟಿಗೂ ಮಿಗಿಲಾದ ದೂರವನ್ನು ಒಂದೇ ಬೀಸಿಗೆ ಕುಳಿತು ಬರುವುದು ಕಾಲಿನ ರಕ್ತನಾಳಗಳಿಗೆ ಹಿತವಲ್ಲವಾದುದರಿಂದ, ಬಿಡುಗಡೆಯಾದ ಬಳಿಕ ಕೆಲವು ದಿನ ಆ ಊರಿನಲ್ಲಿಯೇ ಉಳಿಯುವಂತೆ ಬಟ್ಟೆಬರೆಗಳನ್ನು ಲೆಕ್ಕಹಾಕಬೇಕು. ಕಾರಿನಲ್ಲಾದರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು. ರೈಲಿನಲ್ಲಾದರೆ ಕೆಳಗಿನ ಬರ್ತನ್ನೇ ಕಾದಿರಿಸಿರಬೇಕು. ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ದಾಟುವ ಕಲಬುರಗಿಯ ಬಿಸಿಲಿನಲ್ಲಿ, ಗುಟುಕು ಗುಟುಕಾಗಿ ಮಾತ್ರ ನೀರು ಕುಡಿಯಬಲ್ಲ ದೇಹವು ಬಹುಬೇಗ ಒಣಗುತ್ತದೆ. ಮತ್ತೆ ಆಸ್ಪತ್ರೆ ಸೇರುವವರ ಕಾರಣಗಳಲ್ಲಿ ಈ ನಿರ್ಜಲತೆಯೇ ಪ್ರಮುಖವಾದುವುಗಳಲ್ಲಿ ಒಂದಾಗಿರುವುದರಿಂದ, ಆಯ್ಕೆ ನಮ್ಮ ಕೈಯಲ್ಲಿದ್ದರೆ ಏಪ್ರಿಲ್-ಮೇ ತಿಂಗಳುಗಳನ್ನು ಬಿಟ್ಟು, ಸುಗ್ಗಿಯ ಚಳಿಗಾಲವನ್ನು ಆರಿಸಿಕೊಳ್ಳುವುದು ವಿವೇಕ.

ಹಿಂದಿರುಗುವಾಗ ಚೀಲದಲ್ಲಿ ಬರಬೇಕಾದ್ದು ಬಿಡುಗಡೆಯ ಸಾರಾಂಶ, ಅರೆದು ಕುಡಿಯಬೇಕಾದ ಗುಳಿಗೆಗಳ ಪಟ್ಟಿ, ಜೀವನಪರ್ಯಂತ ತೆಗೆದುಕೊಳ್ಳಬೇಕಾದ ಬಿ-12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವಗಳ ಚೀಟಿ, ನೋವಿಗೆ ಯಾವ ಗುಳಿಗೆಯನ್ನು ನುಂಗಬಾರದೆಂಬ ಸೂಚನೆ, ಮತ್ತು ರಾತ್ರಿಯಲ್ಲಿಯೂ ಎತ್ತುವ ಒಂದು ದೂರವಾಣಿಯ ಸಂಖ್ಯೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ದೇಶದ ಮೊದಲ ಸಾವನ್ನು ಕಂಡ ಕಲಬುರಗಿಯ ಎಷ್ಟೋ ಮನೆಗಳಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು ಇನ್ನೂ ಕಪಾಟಿನಲ್ಲಿ ಬಿದ್ದಿದೆ. ಹೊಸ ಬ್ಯಾಟರಿ ಹಾಕಿ ಅದನ್ನು ರೋಗಿಯ ದಿಂಬಿನ ಬಳಿ ಇರಿಸಿ. ವಿಶ್ರಾಂತಿಯಲ್ಲಿದ್ದಾಗಲೂ ನಾಡಿ ನೂರನ್ನು ಮೀರಿ ಹಾಗೆಯೇ ನಿಂತಿದ್ದರೆ, ಜ್ವರ, ಏದುಸಿರು, ಹೆಚ್ಚುತ್ತಿರುವ ಹೊಟ್ಟೆನೋವು, ಒಂದೇ ಕಾಲಿನ ಊತ ಇವುಗಳಲ್ಲಿ ಯಾವುದಾದರೂ ಕಾಣಿಸಿಕೊಂಡರೆ, ‘ಮುಂಜಾನಿ ನೋಡೂಣು’ ಎನ್ನದೆ ಆ ಸಂಖ್ಯೆಗೆ ಆಗಲೇ ಕರೆಮಾಡಬೇಕು.